ನಮೂದು ಮಾಡಿದ ಸ್ಥಳ

ಲಿಫ್ಟಿಗೆ ಬೀಗ ಹಾಕಿದ್ದರು. ಹಾಕದೆ ಇನ್ನೇನು, ತಾನು ಬರುವ ದಿನವೇ ಅದು ಕೆಡಬೇಕಲ್ಲ ಎಂದು ರೈಟರ್ ಹಲ್ಲು ಕಡಿದ. ಸೈನ್ಯ ಬಿಟ್ಟು ಇಪ್ಪತ್ತನಾಲ್ಕು ವರ್ಷವಾದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ; ತುಕಡಿಯ ಮುನ್ನೂರ ಒಂಬತ್ತು ಜನರ ಸೇವಾ ಪುಸ್ತಕ ಬರೆದ ಕೈ ಅದು, ಹೆಂಡತಿ ಕೂಡ ಸಿಟ್ಟು ಬಂದಾಗ ‘ರೈಟ್ರೇ’ ಎಂದೇ ಕರೆಯುತ್ತಿದ್ದಳು. ದಾಖಲೆ ಕಚೇರಿ ಇದ್ದದ್ದು ಮೂರನೇ ಮಹಡಿಯಲ್ಲಿ. ಒಂಬತ್ತನೇ ಮೆಟ್ಟಿಲಿಗೆ ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಕಂಬಿ ಹಿಡಿದು ನಿಂತ. ನಿಂತದ್ದು ಉಸಿರಿಗಾಗಿ ಎಂದು ತಿಳಿಯಬಾರದೆಂದು ಗೋಡೆಗೆ ಅಂಟಿಸಿದ್ದ ಹಳೇ ಸುತ್ತೋಲೆಯೊಂದನ್ನು ಬಹಳ ಮುಖ್ಯವಾದದ್ದೆಂಬಂತೆ ಓದತೊಡಗಿದ. ಹಿಂದೆ ಬರುತ್ತಿದ್ದ ಹಾರನ್ ಎರಡು ಮೆಟ್ಟಿಲು ಕೆಳಗೆ ತಾನೂ ನಿಂತುಕೊಂಡ. ‘ಕೂತ್ಕೊಳ್ಳಿ, ಆತುರ ಏನಿದೆ’ ಅನ್ನಬಹುದಿತ್ತು, ಅನ್ನಲಿಲ್ಲ. ಲಾರಿಯ ಹಾರನ್ನಿಗಿಂತ ಈ ಡ್ರೈವರನ ಬಾಯೇ ದೊಡ್ಡದು ಎಂದು ಸೈನ್ಯದಲ್ಲಿ ಡೇರೆಯವರೆಲ್ಲ ಸೇರಿ ಇಟ್ಟ ಹೆಸರು ಅದು. ಆದರೆ ಬೆಳಿಗ್ಗೆ ಬಸ್ಸಿನಿಂದ ಇಳಿದಾಗಿನಿಂದ ಅವನು ಆಡಿದ್ದು ಮೂರೇ ಮಾತು. ಬಂದೆ. ತಿಂಡಿ ಆಗಿದೆ. ಎಷ್ಟನೇ ಮಹಡಿ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಒತ್ತಿ ಹಿಡಿದಿದ್ದ. ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದೇ ಇರಲಿಲ್ಲ. ತೆಗೆಯದಿದ್ದರೆ ಒಳ್ಳೆಯದೇ ಎಂದುಕೊಂಡು ರೈಟರ್ ಹತ್ತನೇ ಮೆಟ್ಟಿಲಿಗೆ ಕಾಲಿಟ್ಟ.

ಎದೆರೋಗದ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲ್ಲಿದ್ರಿ ನೀವು, ಯಾವ ಹೊಗೆ ಕುಡಿದ್ರಿ ಎಂದು ಕೇಳಿದಾಗ ಅವನಿಗೆ ಒಂಥರಾ ಖುಷಿಯೇ ಆಗಿತ್ತು. ಕೇಳುವವರೊಬ್ಬರು ಸಿಕ್ಕರಲ್ಲ. ಸಮುದ್ರದಾಚೆಯ ಆ ಶಿಬಿರದಲ್ಲಿ ಒಂದು ಹೊಂಡವಿತ್ತು, ಟೈರು, ಔಷಧಿ ಬಾಟಲಿ, ಬ್ಯಾಟರಿ, ಹರಿದ ಬೂಟು ಎಲ್ಲಾ ಹಾಕಿ ಡೀಸೆಲ್ ಸುರಿದು ಹಗಲೆಲ್ಲ ಸುಡುತ್ತಿದ್ದರು, ಗಾಳಿ ಬೀಸುವ ಕಡೆಗೇ ಕಚೇರಿ ಡೇರೆ ಇತ್ತು ಎಂದು ಅವನು ಹೇಳುತ್ತಲೇ ಹೋದ. ಹನ್ನೊಂದು ತಿಂಗಳು. ಆಮೇಲೆ ಇನ್ನೊಂದು ಸಲ ಏಳು ತಿಂಗಳು, ಬೇರೆ ದೇಶ. ಡಾಕ್ಟರು ತಲೆಯಾಡಿಸಿದರು. ಆ ಹೊಗೆ ಕುಡಿದವರಿಗೆಂದೇ ಮಹಡಿಯ ಮೇಲೆ ಒಂದು ವಾರ್ಡಿದೆ, ಉಸಿರಿನ ಯಂತ್ರವಿದೆ, ಸೇವಾ ಪುಸ್ತಕದಲ್ಲಿ ಆ ಶಿಬಿರದ ನಮೂದು ಇದ್ದರೆ ಸಾಕು, ನಾಳೆಯೇ ಹಾಸಿಗೆ ಕೊಡ್ತೀವಿ ಎಂದರು. ಪುಸ್ತಕ ತರಿಸಿ ನೋಡಿದರೆ ಅದರಲ್ಲಿ ಏನಿದೆ? ಡಿಪೊ, ಸಮುದ್ರದ ಈಚೆಗಿನ ತುಕಡಿಯ ನೆಲೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವನು ಡಿಪೊ ಬಿಟ್ಟು ಅಲುಗಾಡಿಲ್ಲ. ‘ಸಾರಿ’ ಎಂದರು ಡಾಕ್ಟರು. ಹೆಂಡತಿ ದಾರಿಯುದ್ದಕ್ಕೂ, “ಊರಿನೋರ ಪುಸ್ತಕ ಎಲ್ಲಾ ಬರೆದ್ರಿ, ನಿಮ್ಮದೊಂದು ಬರ್ಕೊಳ್ಳೋಕೆ ಏನು ದಾಡಿಯಾಗಿತ್ತು?” ಎಂದು ಕೇಳುತ್ತಲೇ ಬಂದಳು. ತನ್ನ ಪುಸ್ತಕದಲ್ಲಿ ತಾನು ಬರೆಯಬಾರದು ಎಂಬುದೇ ರೈಟರುಗಳಿಗೆ ಮೊದಲ ದಿನ ಹೇಳಿಕೊಡುವ ನಿಯಮ ಎಂದು ಅವಳಿಗೆ ಎಷ್ಟು ಸಲ ಹೇಳುವುದು! ಬೇರೊಬ್ಬ ಬರೆಯಬೇಕು, ಮೇಲಿನವನು ರುಜು ಹಾಕಬೇಕು. ಮುನ್ನೂರ ಒಂಬತ್ತು ಪುಸ್ತಕ ಮುಗಿಸಿ ತನ್ನದನ್ನು ಮೂರು ಸಲ ಕ್ಯಾಪ್ಟನ್ನನ ಮೇಜಿನ ಮೇಲೆ ಇಟ್ಟಿದ್ದ. ಮೂರು ಸಲವೂ ಅದರ ಮೇಲೆ ಟೀ ಲೋಟ ಇಟ್ಟ ಗುರುತು ಬಿದ್ದು ವಾಪಸ್ಸು ಬಂತು. ನಾಲ್ಕನೇ ಸಲ ಕೇಳಲು ಬಾಯಿ ಬರಲಿಲ್ಲ. ಮೊದಲ ಶಿಬಿರದ ನಮೂದೇ ಇಲ್ಲದ ಮೇಲೆ ಎರಡನೆಯದನ್ನು ಬರೆಯುವವರು ಯಾರು?

ಎರಡನೇ ಮಹಡಿಯ ತಿರುವಿನಲ್ಲಿ ಕಿಟಕಿಯಿತ್ತು, ಅಲ್ಲಿ ಮತ್ತೆ ನಿಂತ. ಹೊರಗೆ ಒಬ್ಬಳು ಹೆಂಗಸು ಎದುರು ಮನೆಯ ಮಹಡಿಯಲ್ಲಿ ದಿಂಬುಗಳನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಧೂಳು ಏಳುವುದನ್ನು ಕಂಡೇ ಅವನಿಗೆ ಕೆಮ್ಮು ಬಂತು. ಅವನು ಹೋಗಿದ್ದಕ್ಕೆ ಆಧಾರವಾಗಬಹುದಿದ್ದ, ಹಡಗು ಹತ್ತಿದವರ ಪಟ್ಟಿ ನೆಲಮಾಳಿಗೆಗೆ ನೀರು ನುಗ್ಗಿ ಮುದ್ದೆಯಾಗಿ ಹೋಗಿತ್ತು. ಡೇರೆಯ ಮುಂದೆ ನಿಂತ ಒಂದು ಫೋಟೊ ಇತ್ತು, ದಾಖಲೆ ಕಚೇರಿಯ ಕೌಂಟರಿನ ಹೆಂಗಸು ಅದನ್ನು ನೋಡಿ ಡೇರೆ ಎಲ್ಲಾ ಕಡೆ ಒಂದೇ ಥರ ಇರತ್ತಲ್ಲ ಸಾರ್ ಎಂದು ಹಿಂದಕ್ಕೆ ಕೊಟ್ಟಿದ್ದಳು. ಜೊತೆಗಿದ್ದವರೊಬ್ಬರು ಬಂದು ಸಾಕ್ಷಿ ಹೇಳಬೇಕು, ಅಷ್ಟೇ ದಾರಿ. ಹನ್ನೊಂದು ಜನಕ್ಕೆ ಪತ್ರ ಹಾಕಿದ. ಮೂರು ವಿಳಾಸ ಸಿಗದೆ ತಿರುಗಿ ಬಂದವು, ಇಬ್ಬರ ಮಕ್ಕಳು ಅಪ್ಪ ತೀರಿಕೊಂಡರು ಎಂದು ಬರೆದರು, ಐದು ಜನರಿಂದ ಸದ್ದೇ ಇಲ್ಲ. ಯಾಕೆ ಸದ್ದು ಮಾಡುತ್ತಾರೆ? ರಜೆ ಅರ್ಜಿಯಲ್ಲಿ ತಾರೀಖು ತಪ್ಪಿದ್ದರೆ ಮುಖಕ್ಕೆಸೆಯುತ್ತಿದ್ದವನು ಇವನೇ. ಹನ್ನೊಂದನೆಯದು ಹಾರನ್‌ಗೆ. ಅದನ್ನು ಡಬ್ಬಿಗೆ ಹಾಕುವ ಮುಂಚೆ ನಾಲ್ಕು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದ. ಮಗಳ ಕೈಯಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದ್ದ, ಅರ್ಜಿಯನ್ನೂ ಹಾಗೆಯೇ. “ಅಷ್ಟು ಚೆಂದದ ಅಕ್ಷರ ಇಟ್ಕೊಂಡು ಟೈಪ್ ಯಾಕಪ್ಪಾ?” ಎಂದು ಮಗಳು ಕೇಳಿದಾಗ ಕೈ ನಡುಗತ್ತೆ ಎಂದಿದ್ದ. ಕೈ ನಡುಗುತ್ತಿರಲಿಲ್ಲ. ಒಂದು ವಾರಕ್ಕೆ ಉತ್ತರ ಬಂತು, ಹಾರನ್‌ನ ಮಗಳ ಅಕ್ಷರ, ಒಂದೇ ಸಾಲು: ಅಪ್ಪ ಬರುತ್ತಾರೆ.

ಯಾಕೆ ಬರುತ್ತಾನೆ? ಗೊತ್ತಿಲ್ಲದೆ ಬರುತ್ತಾನೆ, ಅಷ್ಟೇ, ಎಂದು ಅವನು ತನಗೇ ಹೇಳಿಕೊಂಡಿದ್ದ. ಕ್ಯಾಪ್ಟನ್ನನ ಕಿತಾಪತಿ ಎಂದೇ ಅವನು ತಿಳಿದಿರಬೇಕು. ಕಿತಾಪತಿ ಕ್ಯಾಪ್ಟನ್ನನದೇ ತಾನೇ? ಗಡಿಯಾಚೆಯ ಪೇಟೆಯಿಂದ ತನ್ನ ಮನೆಗೆ ಕಂಬಳಿ ತರಿಸಲು ಕಾಗದವಿಲ್ಲದೆ, ಆದೇಶವಿಲ್ಲದೆ ಹಾರನ್‌ನನ್ನು ಲಾರಿ ಕೊಟ್ಟು ಕಳಿಸಿದ್ದು ಅವನು. ಲಾರಿ ಉರುಳಿ ಹೊತ್ತಿಕೊಂಡಿತು. ಹಾರನ್ ಸುಟ್ಟ ಕೈ ಹಿಡಿದುಕೊಂಡು ಯಾರದೋ ಟ್ಯಾಂಕರ್ ಹತ್ತಿ ಬಂದ. ಎರಡು ದಿನಕ್ಕೆ ಸಾಮಾನಿನ ಹಡಗಿನಲ್ಲಿ ಅವನನ್ನು ಹಿಂದಕ್ಕೆ ಸಾಗಿಸಿ, ಸಂಜೆ ಡೇರೆಗೆ ಬಂದ ಕ್ಯಾಪ್ಟನ್ ಹಾರನ್‌ನ ಸೇವಾ ಪುಸ್ತಕವನ್ನು ಮುಂದಿಟ್ಟು, “ಇವನು ಹಡಗೇ ಹತ್ತಿಲ್ಲ. ಡಿಪೊದಲ್ಲೇ ಪರಾರಿ. ಹಳೇ ತಾರೀಖು ಹಾಕು” ಎಂದ. ಕೂಗಲಿಲ್ಲ, ಹೆದರಿಸಲಿಲ್ಲ. ರೈಟರನ ರಜೆ ಚೀಟಿ ಮೇಜಿನ ಮೇಲಿತ್ತು, ಹೆಂಡತಿಗೆ ದಿನ ತುಂಬಿತ್ತು, ಕ್ಯಾಪ್ಟನ್ನನ ಪೆನ್ನಿನ ಟೋಪಿ ತೆಗೆದೇ ಇತ್ತು. ಆಗೋದಿಲ್ಲ ಸಾರ್ ಎಂದು ಹೇಳಲು ಎಷ್ಟು ಉಸಿರು ಬೇಕು? ಆಗ ಉಸಿರಿಗೇನೂ ಬರವಿರಲಿಲ್ಲ. ನಿಬ್ಬು ಒರೆಸಿ, ಮಸಿ ಅದ್ದಿ, ಗೆರೆ ತಪ್ಪದ ಹಾಗೆ ನಾಲ್ಕು ಸಾಲು ಬರೆದ. ಮಸಿ ಹೀರಲು ಒತ್ತು ಕಾಗದ ಇಟ್ಟು ಹಗುರವಾಗಿ ಒತ್ತಿದ. ಒಂಬತ್ತು ದಿನಕ್ಕೆ ಅವನ ತೋಳಿನಲ್ಲಿ ಮಗಳಿದ್ದಳು. ಈಗ ಅವಳಿಗೆ ಮೂವತ್ತೊಂದು. ಅವಳ ಹುಟ್ಟುಹಬ್ಬ ಬಂದಾಗಲೆಲ್ಲ ಅವನಿಗೆ ಆ ನಾಲ್ಕು ಸಾಲಿಗೂ ಒಂದು ವರ್ಷ ಹೆಚ್ಚಾಯಿತೆಂದು ನೆನಪಾಗಿ ಬಾಯಿ ಕಹಿಯಾಗುತ್ತಿತ್ತು. ಆದರೆ ಹಾರನ್‌ನ ಪುಸ್ತಕ ಈಗ ಯಾರು ತೆಗೆದು ನೋಡುತ್ತಾರೆ? ಬಂದು ಬಾಯಿಮಾತಿನಲ್ಲಿ ಹೇಳಿದರೆ ಸಾಕಾಗಬಹುದು. ಸಾಕಾಗಬಹುದು ಎಂಬ ಒಂದೇ ಮಾತಿನ ಮೇಲೆ ನಾಚಿಕೆಗೆಟ್ಟು ಅವನನ್ನು ಕರೆಸಿದ್ದ.

ಕೌಂಟರಿನ ಹೆಂಗಸು ಕೆಟ್ಟವಳೇನಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕ, ಮೇಜಿನ ಮೇಲೆ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಕೂತ್ಕೊಳ್ಳಿ ಸಾರ್, ಸುಧಾರಿಸ್ಕೊಳ್ಳಿ ಎಂದು ಅವಳು ಅನ್ನುವ ದನಿ ಕೇಳಿದರೇ ಅವನಿಗೆ ಮೈ ಉರಿಯುತ್ತಿತ್ತು. ಇಂಥ ಕುರ್ಚಿಯಲ್ಲಿ ಕೂತು ಅವನು ಯಾರಿಗೂ ಸುಧಾರಿಸಿಕೊಳ್ಳಲು ಹೇಳಿದವನಲ್ಲ. ಹಾರನ್‌ನ ಸೇವಾ ಸಂಖ್ಯೆ ಕೇಳಿದಳು. ರೈಟರ್ ಪಟಪಟನೆ ಒದರಿದ, ಇಷ್ಟು ವರ್ಷದ ಮೇಲೂ ಒಂದಂಕಿ ತಪ್ಪಲಿಲ್ಲ. ಅವಳು ಎದ್ದು ಒಳಗೆ ಹೋದಳು. ಕಪಾಟಿನ ಬಾಗಿಲು ಕಿರುಗುಟ್ಟಿದ್ದು ರೈಟರನಿಗೆ ಕೇಳಿಸಿತು. ಹೋಗಿಬಿಡಲೇ ಅನ್ನಿಸಿತು, ಆದರೆ ಆ ಮೆಟ್ಟಿಲುಗಳು. ಅವಳು ಕಂದು ರಟ್ಟಿನ ಪುಸ್ತಕವೊಂದನ್ನು ತಂದು ದಾರ ಬಿಚ್ಚಿ, ಹಾಳೆ ತಿರುವಿ, ಒಂದು ಕಡೆ ನಿಂತಳು.

“ಅಯ್ಯೋ. ಇವ್ರು ಆಗಲ್ಲ ಸಾರ್.”

“ಯಾಕೆ?”

“ಇವ್ರೇ ಹೋಗಿಲ್ವಲ್ಲ. ಹಡಗು ಹತ್ತಲಿಲ್ಲ, ಡಿಪೊದಿಂದ ಪರಾರಿ ಅಂತಿದೆ. ಅಲ್ಲಿಗೇ ಹೋಗದೇ ಇರೋರು ನಿಮ್ಮನ್ನ ಅಲ್ಲಿ ನೋಡಿದ್ದೆ ಅಂತ ಹೇಗೆ ಹೇಳ್ತಾರೆ, ಹೇಳಿ?” ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. “ಅಕ್ಷರ ನೋಡಿ ಹೇಗಿದೆ. ಮುತ್ತು ಪೋಣಿಸಿದ ಹಾಗೆ. ಈಗ ಯಾರು ಹೀಗೆ ಬರೀತಾರೆ! ಇನಿಷಿಯಲ್ ಮಾತ್ರ ಮಸಿ ಹರಡಿ ಓದೋಕಾಗ್ತಿಲ್ಲ. ಯಾರದು ಸಾರ್, ನಿಮ್ಮ ತುಕಡಿಯದೇ ಅಲ್ವಾ, ಗೊತ್ತಾಗತ್ತಾ?”

ಅವನು ಬಗ್ಗಿ ನೋಡಿದ. ಗೊತ್ತಾಗದೆ ಏನು, ಕನ್ನಡಿ ನೋಡಿದ ಹಾಗಿತ್ತು. ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು ಮೇಲಕ್ಕೆತ್ತುವ ಆ ಶೋಕಿ ಅವನದೇ. ಆ ಸಂಜೆಯಲ್ಲೂ ಆ ಶೋಕಿ ಬಿಟ್ಟಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಪಕ್ಕದಲ್ಲಿ ಹಾರನ್ ನಿಂತಿದ್ದ. ಓದಲು ಬಾರದವನು, ಆದರೂ ಪುಟವನ್ನೇ ನೋಡುತ್ತಿದ್ದ.

“ಯಾರದೋ,” ಎಂದ ರೈಟರ್. “ಆಗ ಎಷ್ಟೋ ಜನ ಬರೀತಿದ್ರು. ಹೇಗೆ ಹೇಳೋದು?”

“ಬರೆದೋರೇ ಬಂದು ಇದು ಸುಳ್ಳು ನಮೂದು ಅಂತ ಹೇಳಿಕೆ ಕೊಟ್ರೆ ಇವ್ರದ್ದು ಇವತ್ತೇ ಸರಿಹೋಗತ್ತೆ. ಆಮೇಲೆ ಇವ್ರು ನಿಮಗೆ ಸಾಕ್ಷಿ ಹೇಳ್ಬಹುದು. ಆದರೆ ಅವ್ರನ್ನ ಈಗ ಎಲ್ಲಿ ಅಂತ ಹುಡುಕ್ತೀರಿ, ಪಾಪ. ಬದುಕಿದಾರೋ ಇಲ್ವೋ.” ಹಿಂದೆ ಬಂದವರಾರೋ ಕಾಗದ ಚಾಚಿದರು, ಅವಳು ಅತ್ತ ತಿರುಗಿದಳು.

ಹಾರನ್ ಗೋಡೆಯ ಬದಿಯ ಬೆಂಚಿಗೆ ಹೋಗಿ ಕೂತ. ರೈಟರೂ ಹೋಗಿ ಒಂದು ಮೊಳ ದೂರದಲ್ಲಿ ಕೂತ. ಮೇಲೆ ಫ್ಯಾನು ಗರಗರನೆ ತಿರುಗುತ್ತಿತ್ತು. ಡೇರೆಯಲ್ಲಿ ಇವನು ಹೀಗೆಯೇ ಪಕ್ಕದಲ್ಲಿ ಕೂತು ಕೂಗಿ ಕೂಗಿ ಹೆಂಡತಿಗೆ ಪತ್ರ ಹೇಳಿ ಬರೆಸುತ್ತಿದ್ದ, ‘ನೀನಿಲ್ದೆ ಊಟ ಸೇರಲ್ಲ ಅಂತ ಬರೀರಿ ರೈಟ್ರೇ, ದಪ್ಪಕ್ಷರದಲ್ಲಿ ಬರೀರಿ’, ಮುನ್ನೂರು ಜನ ಕೇಳಿಸಿಕೊಂಡು ನಗುತ್ತಿದ್ದರು. ಆ ಪತ್ರಗಳಿಗೆ ರೈಟರ್ ತನ್ನ ಕಡೆಯಿಂದ ಒಂದೆರಡು ಒಳ್ಳೆಯ ಮಾತು ಸೇರಿಸಿದ್ದೂ ಉಂಟು. ಹಾರನ್ ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದ. ತೆಗೆಯಲು ಎಡಗೈ ಜೇಬಿನಿಂದ ಹೊರಗೆ ಬರಲೇಬೇಕಾಯಿತು. ಮೂರು ಬೆರಳು ಒಂದಕ್ಕೊಂದು ಬೆಸೆದುಕೊಂಡು ನುಣ್ಣಗೆ ಹೊಳೆಯುತ್ತಿದ್ದವು.

“ಪುಸ್ತಕದ ನಕಲು ಕೈಗೆ ಕೊಟ್ಟು ಮನೆಗೆ ಕಳಿಸಿದ್ರಲ್ಲ,” ಎಂದ, ಮೆಲ್ಲಗೆ. “ನನ್ನ ಹೆಂಡ್ತಿ ಅದನ್ನ ಒಂದ್ಕಡೆ ಇಟ್ಲು, ಈ ಪತ್ರ ಒಂದ್ಕಡೆ ಇಟ್ಲು. ಅವಳಿಗೆ ಓದೋಕೆ ಬರ್ತಿತ್ತು. ‘ನೋಡ್ರೀ, ನೀನಿಲ್ದೆ ಊಟ ಸೇರಲ್ಲ ಅಂತ ಬರೆದ ಕೈನೇ ಇದನ್ನೂ ಬರೆದಿರೋದು’ ಅಂದ್ಲು. ಅವತ್ತೇ ಗೊತ್ತಾಯ್ತು.”

ರೈಟರನಿಗೆ ಕೆಮ್ಮು ಬಂದಿದ್ದರೆ ಚೆನ್ನಾಗಿತ್ತು, ಬೇಕಾದಾಗ ಅದೂ ಬರಲಿಲ್ಲ.

“ಅವಳು ಸಾಯೋವರೆಗೂ ನನ್ನ ನಂಬಿದ್ಲು. ಓಡಿಬಂದೋನು ಅಂತ ಬೀದಿಯವರೆಲ್ಲ ಆಡ್ಕೊಂಡ್ರು. ಈ ಕೈ ಕುಡಿದು ಒಲೆಗೆ ಬಿದ್ದು ಸುಟ್ಕೊಂಡಿದ್ದು ಅಂತ ನನ್ನ ಮಗಳೇ ಅವಳ ಗಂಡನ ಮನೇಲಿ ಹೇಳಿದಾಳೆ. ಪರಾರಿ ಅನ್ನೋದಕ್ಕಿಂತ ಕುಡುಕ ಅನ್ನೋದು ಅವಳಿಗೆ ವಾಸಿ ಅನ್ನಿಸ್ತು.”

“ಗೊತ್ತಿದ್ದೂ ಯಾಕೆ ಬಂದೆ?”

“ನೀವು ಕರೆದ್ರಿ. ಅದೂ ಟೈಪ್ ಮಾಡ್ಸಿ. ಮಗಳು ಹಾಗಂದಾಗ್ಲೇ ಅಂದ್ಕೊಂಡೆ, ಈ ಮನುಷ್ಯ ಮರೆತಿಲ್ಲ ಅಂತ. ಆ ಹೆಂಗಸು ಯಾರದು ಅಂತ ಕೇಳಿದ್ಲಲ್ಲ, ಆಗ ನಿಮ್ಮ ಬಾಯಿ ನೋಡ್ತಿದ್ದೆ.” ಹಾರನ್ ಕಟ್ಟನ್ನು ಮತ್ತೆ ಚೀಲಕ್ಕೆ ತುರುಕಿದ. “ಹೋಗ್ಲಿ ಬಿಡಿ. ನಾಲ್ಕು ಗಂಟೆಗೆ ಬಸ್ಸು. ಬರೀತೀರೋ ಇಲ್ವೋ ಅಷ್ಟು ಹೇಳಿ.”

ಬೈದಿದ್ದರೆ, ಕಾಲರ್ ಹಿಡಿದು ಕೂಗಾಡಿದ್ದರೆ, ಹಳೇ ಹಾರನ್‌ನ ಹಾಗೆ ಮೂರು ಮಹಡಿಗೂ ಕೇಳುವಂತೆ ಅರಚಿದ್ದರೆ ತಡೆದುಕೊಳ್ಳಬಹುದಿತ್ತು. ರೈಟರ್ ಎದ್ದ. ಒಳ್ಳೆಯವನಾಗಬೇಕೆಂದಲ್ಲ, ಆ ಬೆಂಚಿನಲ್ಲಿ ಇನ್ನೊಂದು ನಿಮಿಷ ಕೂತಿರಲು ಆಗುತ್ತಿರಲಿಲ್ಲ, ಅಷ್ಟೇ. ಜೊತೆಗೆ ತಲೆಯೊಳಗಿನ ಹಳೇ ಗುಮಾಸ್ತ ಲೆಕ್ಕ ಹಾಕುತ್ತಲೂ ಇದ್ದ: ಇವನದು ಸರಿಯಾದರೆ ಇವನು ಸಾಕ್ಷಿ, ಇವನು ಸಾಕ್ಷಿಯಾದರೆ ತನ್ನದು ಸರಿ, ತನ್ನದು ಸರಿಯಾದರೆ ನಾಳೆ ಹಾಸಿಗೆ. ಥೂ, ಈಗಲೂ! ಕೌಂಟರಿಗೆ ಹೋಗಿ, “ಆ ಅಕ್ಷರ ನಂದೇ” ಎಂದ. ಅವಳು ಕನ್ನಡಕದ ಮೇಲಿಂದ ನೋಡಿದಳು. ಮುಂಚೆ ಇಲ್ಲ ಅಂದ್ರಲ್ಲ ಎಂದು ಕೇಳಲಿಲ್ಲ, ಕೇಳಿದ್ದಕ್ಕಿಂತ ಅದು ಹೆಚ್ಚಾಯಿತು. ಒಂದು ನಮೂನೆ ತೆಗೆದು ಮುಂದಿಟ್ಟಳು. ಕೈಯಲ್ಲೇ ಬರೆಯಬೇಕು, ಅಕ್ಷರ ತಾಳೆ ನೋಡಬೇಕು ಎಂದಳು. ಅವನು ಬರೆದ. ಹೆಸರು, ಸಂಖ್ಯೆ, ದರ್ಜೆ. ಕೆಳಕಂಡ ನಮೂದು ಸುಳ್ಳೆಂದು ಗೊತ್ತಿದ್ದೇ ಮಾಡಿದ್ದೇನೆ. ಕ್ಯಾಪ್ಟನ್ ಹೇಳಿದ್ದರಿಂದ ಎಂದು ಬರೆಯಲು ಹೋಗಿ ಬಿಟ್ಟ. ಸತ್ತವನು ಬಂದು ಉತ್ತರ ಹೇಳುತ್ತಾನೆಯೇ. ಕೈ ನಡುಗಲಿಲ್ಲ. ಐದನೇ ಕಾಲಮ್ಮಿಗೆ ಬಂದು ನಿಂತ. ನಮೂದು ಮಾಡಿದ ಸ್ಥಳ.

ಬರೆದದ್ದು ಡೇರೆಯಲ್ಲಿ, ಸಮುದ್ರದಾಚೆ. ಆ ಸಂಜೆ ಹೊಂಡದಲ್ಲಿ ಟೈರು ಸುಡುತ್ತಿದ್ದರು, ಮಸಿಯ ಮೇಲೆ ಕಪ್ಪು ಧೂಳು ಕೂರುತ್ತದೆಂದು ಪುಸ್ತಕಕ್ಕೆ ಅಂಗೈ ಅಡ್ಡ ಹಿಡಿದು ಬರೆದಿದ್ದ. ಶಿಬಿರದ ಹೆಸರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಅವಳು ಬಗ್ಗಿ ನೋಡಿ, “ತಡೀರಿ ಸಾರ್” ಎಂದಳು.

“ಇಲ್ಲಿ ಡಿಪೊ ಅಂತಲೇ ಬರೀಬೇಕು. ಮೂಲ ಪುಸ್ತಕದಲ್ಲಿ ಸ್ಥಳ ಡಿಪೊ ಅಂತಿದೆ. ನಿಮ್ಮ ಪುಸ್ತಕದಲ್ಲೂ ಆ ತಿಂಗಳು ನೀವು ಡಿಪೊದಲ್ಲೇ. ಎರಡಕ್ಕೂ ತಾಳೆ ಆಗತ್ತೆ, ನಾನು ಇವತ್ತೇ ಪಾಸ್ ಮಾಡ್ತೀನಿ. ಬೇರೆ ಜಾಗ ಬರೆದ್ರೆ, ಅಲ್ಲಿ ನೀವು ಇದ್ದದ್ದಕ್ಕೇ ದಾಖಲೆ ಇಲ್ವಲ್ಲ, ಈ ಹೇಳಿಕೆನೇ ಬಿದ್ದುಹೋಗತ್ತೆ.”

“ಹಾಗೆ ಬರೆದ್ರೆ ನನ್ನ ಅರ್ಜಿ?”

ಅವಳಿಗೆ ಆಗ ಹೊಳೆದಿರಬೇಕು. ಅವನ ಟೈಪ್ ಮಾಡಿಸಿದ ಅರ್ಜಿಯನ್ನು ನೋಡಿದಳು, ಈ ನಮೂನೆಯನ್ನು ನೋಡಿದಳು, ಬಿಸ್ಕತ್ತಿನ ಪೊಟ್ಟಣವನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದಳು. “ಡಿಪೊದಲ್ಲಿದ್ದೆ ಅಂತ ನೀವೇ ನಿಮ್ಮ ಕೈಯಾರೆ ಬರೆದುಕೊಟ್ಟ ಹಾಗಾಗತ್ತಲ್ಲ ಸಾರ್. ಆಮೇಲೆ ಯಾರು ಬಂದು ಏನು ಸಾಕ್ಷಿ ಹೇಳಿದ್ರೂ...” ದನಿ ತಗ್ಗಿಸಿದಳು. “ಬೇಕಾದ್ರೆ ಮನೆಗೆ ಹೋಗಿ ಯೋಚನೆ ಮಾಡ್ಕೊಂಡು ಬನ್ನಿ.”

ಮನೆಗೆ ಹೋಗಿ. ಮೂರು ಮಹಡಿ ಇಳಿದು ಮತ್ತೊಂದು ದಿನ ಮೂರು ಮಹಡಿ ಹತ್ತಿ. ಅಷ್ಟರಲ್ಲಿ ಯೋಚನೆ ಎಂಬುದು ಏನು ಮಾಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನ ಪರವಾಗಿಯೇ ಮಾತಾಡುತ್ತದೆ, ಮೂವತ್ತೊಂದು ವರ್ಷದಿಂದ ಹಾಗೆಯೇ ಮಾತಾಡಿಕೊಂಡು ಬಂದಿದೆ. ತಿರುಗಿ ನೋಡಿದ. ಹಾರನ್ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದ. ಫ್ಯಾನಿನ ಸದ್ದಿಗೆ ಅವನಿಗೆ ಇಲ್ಲಿಯ ಮಾತು ಕೇಳಿಸಿರಲಾರದು. ಮಂಚದಲ್ಲಿ ಎದ್ದು ಕೂತು ಉಸಿರಿಗಾಗಿ ಎಳೆದಾಡುವಾಗ ಹೆಂಡತಿ ಬೆನ್ನು ನೀವುತ್ತಾ ಏನೂ ಆಗಲ್ಲ, ಆಸ್ಪತ್ರೆಗೆ ಸೇರಿಸ್ಕೊಂಡ್ರೆ ಎಲ್ಲಾ ಸರಿಹೋಗತ್ತೆ ಎನ್ನುವುದು ನೆನಪಾಯಿತು. ಅವಳಿಗೆ ಏನು ಹೇಳುವುದು? ಏನೋ ಹೇಳಬಹುದು, ಸುಳ್ಳು ಬರೆದ ಕೈಗೆ ಸುಳ್ಳು ಹೇಳುವ ಬಾಯೂ ಇದೆಯಲ್ಲ. ಮೊದಲು ಬರೆದ ಒಂದಕ್ಷರವನ್ನು ನಿಯಮದ ಪ್ರಕಾರ ಒಂದೇ ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಇನಿಷಿಯಲ್ ಹಾಕಿ, ‘ಡಿಪೊ’ ಎಂದು ಬರೆದ. ಕೊನೆಯ ಅಕ್ಷರವನ್ನು ಎಳೆಯಲಿಲ್ಲ. ತನ್ನ ಬಗ್ಗೆ ತಾನೇ ಮಾಡಿಕೊಂಡ ಮೊದಲ ನಮೂದು ಅದು.

ಅವಳು ಮೂರು ಕಡೆ ಮೊಹರು ಒತ್ತಿದಳು. ಹಾರನ್‌ನನ್ನು ಕರೆದು ತಿದ್ದಿದ ಪುಟದ ನಕಲು ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡಳು. ರೈಟರನ ಅರ್ಜಿಯ ಮೇಲೆ ಏನೋ ಗೀಚಿ, ಅವನ ಮುಖ ನೋಡದೆ, ಕೆಳಗಿನ ಟ್ರೇಗೆ ಹಾಕಿದಳು. ಹಾರನ್ ನಕಲನ್ನು ಕಣ್ಣ ಹತ್ತಿರ ಹಿಡಿದು ನೋಡಿದ, ತಲೆಕೆಳಗಾಗಿ ಹಿಡಿದಿದ್ದ. ಅವಳೇ ತಿರುಗಿಸಿ ಕೊಟ್ಟಳು. ಮಡಚಿ ಪತ್ರಗಳ ಕಟ್ಟಿನೊಳಗೆ ಸೇರಿಸಿದ.

ಮೆಟ್ಟಿಲ ಬಳಿ ಬಂದಾಗ ಗಂಟೆ ಮೂರೂಕಾಲು. ರೈಟರ್ ಕಂಬಿ ಹಿಡಿದ. ಇಳಿಯುವುದಕ್ಕೂ ಇಷ್ಟು ಉಸಿರು ಬೇಕೆಂದು ಮೊದಲು ಗೊತ್ತಿರಲಿಲ್ಲ.

“ನಿಮ್ದೂ ಆಯ್ತಾ?” ಎಂದು ಹಾರನ್ ಕೇಳಿದ.

“ಆಯ್ತು.”

“ನನ್ನ ಸಾಕ್ಷಿ ಬೇಡ್ವಂತಾ?”

“ಬೇಡ್ವಂತೆ.”

ಹಾರನ್ ನಕ್ಕ, ಬೆಳಿಗ್ಗೆಯಿಂದ ಮೊದಲ ಸಲ. ಆ ನಗುವಿನಲ್ಲಿ ಸಂತೋಷವಿರಲಿಲ್ಲ. “ನಿಮ್ಮಂಥೋರದ್ದು ಹೇಗೋ ಆಗೇ ಆಗತ್ತೆ, ಬಿಡಿ. ಅಲ್ಲ ರೈಟ್ರೇ, ನಾಲ್ಕು ಸಾಲು ಬರೆಯೋಕೆ ಮೂವತ್ತೊಂದು ವರ್ಷ ಬೇಕಾಯ್ತಾ ನಿಮ್ಗೆ?” ಎಂದು ಹೇಳಿ, ಎಡಗೈಯನ್ನು ಜೇಬಿಗೆ ಸೇರಿಸಿಕೊಳ್ಳದೆ ಬೀಸುತ್ತಾ ದಡದಡನೆ ಇಳಿದುಹೋದ. ಕೆಳಗಿನ ಬಾಗಿಲ ಹತ್ತಿರ ಯಾರನ್ನೋ ನಿಲ್ಲಿಸಿ, ನಾಲ್ಕು ಗಂಟೆ ಬಸ್ಸು ಎಲ್ಲಿ ನಿಲ್ಲತ್ತೆ ಎಂದು ಮೂರು ಮಹಡಿಗೂ ಕೇಳುವಂತೆ ಕೂಗಿ ಕೇಳಿದ. ರೈಟರ್ ಆರು ಮೆಟ್ಟಿಲು ಇಳಿದು, ಅಲ್ಲೂ ಗೋಡೆಗೆ ಅಂಟಿಸಿದ್ದ ಸುತ್ತೋಲೆಯೊಂದರ ಮುಂದೆ ನಿಂತು, ಅದನ್ನು ಮೊದಲಿನಿಂದ ಓದತೊಡಗಿದ.